ಮನೆಮಾತಿಗೂ ವ್ಯಾಕರಣವಿದೆ: ಭಾಷಾವಿಜ್ಞಾನ ಮತ್ತು ಸಾಹಿತ್ಯದ ಓದು

"ಎಷ್ಟು ಭಾಷೆ ಕಲಿತೆ?" ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡುತ್ತಿದ್ದೇನೆ ಎಂದ ಕೂಡಲೇ ನನಗೆ ಎದುರಾಗುವ ಮೊದಲ ಪ್ರಶ್ನೆ ಇದು. ಎರಡನೆಯದು, "ಅದು ಓದಿದರೆ ಕೆಲಸ ಸಿಗುತ್ತದಾ?" ಮದುವೆ ಮನೆಗಳಲ್ಲಿ ಸಿಗುವ ಬಂಧುಗಳಿಂದ ಹಿಡಿದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರವರೆಗೆ ಎಲ್ಲರೂ ಕೇಳುವುದು ಇವೆರಡನ್ನೇ. ದ್ವಿತೀಯ ಪಿಯುಸಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ತಮ್ಮ ತಂಗಿಯರಿಗಾಗಿ ಈ ಎರಡೂ ಪ್ರಶ್ನೆಗಳಿಗೆ ಉತ್ತರ ಬರೆದುಕೊಡಬೇಕೆಂದು ಸಂಪಾದಕ ಬಳಗ ಕೇಳಿದೆ. ಸಂತೋಷದಿಂದ ಒಪ್ಪಿಕೊಂಡಿದ್ದೇನೆ.

ನಾನು ಇದೇ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದಲ್ಲಿ ಓದಿದವಳು. ಅನಂತರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಐಚ್ಛಿಕ ಕನ್ನಡದೊಂದಿಗೆ ಬಿ.ಎ. ಮುಗಿಸಿ, ಈಗ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಭಾಷಾವಿಜ್ಞಾನದ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ಜೊತೆಗೆ ಸಾಹಿತ್ಯದ ಪತ್ರಿಕೆಗಳನ್ನೂ ಆರಿಸಿಕೊಂಡು ಓದುತ್ತಿದ್ದೇನೆ. ನನ್ನ ಮನೆಮಾತು ಬ್ಯಾರಿ. ಅದನ್ನು ಏಕೆ ಹೇಳಿದೆನೆಂದು ಮುಂದೆ ಗೊತ್ತಾಗುತ್ತದೆ.

ಭಾಷಾವಿಜ್ಞಾನ ಎಂದರೆ ಏನು?

ಭಾಷಾವಿಜ್ಞಾನ ಎಂದರೆ ಹಲವು ಭಾಷೆಗಳನ್ನು ಮಾತಾಡಲು ಕಲಿಯುವುದಲ್ಲ. ಭಾಷೆ ಎಂಬುದು ಹೇಗೆ ಕೆಲಸ ಮಾಡುತ್ತದೆ ಎಂದು ಪರೀಕ್ಷಿಸಿ ನೋಡುವುದು. ಸಸ್ಯಶಾಸ್ತ್ರ ಓದಿದವರೆಲ್ಲ ತೋಟ ಮಾಡುವುದಿಲ್ಲ. ಆದರೆ ಗಿಡ ಹೇಗೆ ಬೆಳೆಯುತ್ತದೆ ಎಂಬುದು ಅವರಿಗೆ ತಿಳಿದಿರುತ್ತದೆ. ಇದೂ ಹಾಗೆಯೇ.

ಒಂದು ಸಣ್ಣ ಪರೀಕ್ಷೆ ಮಾಡೋಣ. ಇಂಗ್ಲಿಷಿನಿಂದ ಬಂದ ಕೆಲವು ಪದಗಳನ್ನು ಕನ್ನಡದಲ್ಲಿ ಹೇಗೆ ಹೇಳುತ್ತೇವೆ ನೋಡಿ. ಬಸ್ ಎಂಬುದು ಬಸ್ಸು ಆಗುತ್ತದೆ, ಪೆನ್ ಪೆನ್ನು ಆಗುತ್ತದೆ, ಕಪ್ ಕಪ್ಪು ಆಗುತ್ತದೆ. ಆದರೆ ಕಾರ್ ಕಾರು, ರೋಡ್ ರೋಡು, ಟೀಮ್ ಟೀಮು. ಯಾರೂ "ಬಸು" ಎನ್ನುವುದಿಲ್ಲ, ಯಾರೂ "ಕಾರ್ರು" ಎನ್ನುವುದಿಲ್ಲ. ಏಕೆ? ನಿಮಗೆ ಯಾವ ಶಿಕ್ಷಕರೂ ಇದನ್ನು ಹೇಳಿಕೊಟ್ಟಿಲ್ಲ. ಅಕ್ಷರ ಬಾರದ ಅಜ್ಜಿಯೂ ಇದರಲ್ಲಿ ತಪ್ಪುವುದಿಲ್ಲ.

ಪದಗಳನ್ನು ಎರಡು ಸಾಲಿನಲ್ಲಿ ಬರೆದು ನೋಡಿದರೆ ನಿಯಮ ತಾನಾಗಿ ಎದ್ದು ಕಾಣುತ್ತದೆ. ಒಂದೇ ಉಚ್ಚಾರಾಂಶದ ಪದದಲ್ಲಿ ಸ್ವರ ಹ್ರಸ್ವವಾಗಿದ್ದರೆ ಕೊನೆಯ ವ್ಯಂಜನ ಇಮ್ಮಡಿಯಾಗಿ ಉ-ಕಾರ ಸೇರುತ್ತದೆ. ಸ್ವರ ದೀರ್ಘವಾಗಿದ್ದರೆ ವ್ಯಂಜನ ಒಂದೇ ಉಳಿದು ಉ-ಕಾರ ಸೇರುತ್ತದೆ. ಈಗ ಹಳಗನ್ನಡಕ್ಕೆ ಹೋಗಿ. ಅಲ್ಲಿ ಕಲ್, ಕಾಲ್, ಪಲ್, ಪಾಲ್ ಎಂಬ ಪದಗಳಿವೆ. ಇಂದು ಅವು ಕಲ್ಲು, ಕಾಲು, ಹಲ್ಲು, ಹಾಲು ಆಗಿವೆ. ಅದೇ ನಿಯಮ! ನೂರಾರು ವರ್ಷಗಳ ಹಿಂದೆ ಕಲ್ಲಿಗೂ ಕಾಲಿಗೂ ಅನ್ವಯಿಸಿದ ನಿಯಮವನ್ನು ನಾವು ಬಸ್ಸಿಗೂ ಕಾರಿಗೂ ಅನ್ವಯಿಸಿದ್ದೇವೆ. ಹಸು, ಕರು ಎಂಬಲ್ಲಿ ಉ-ಕಾರ ಮೊದಲಿನಿಂದಲೂ ಪದದ ಭಾಗವೇ ಆಗಿರುವುದರಿಂದ ಅವು ಈ ಲೆಕ್ಕಕ್ಕೆ ಬರುವುದಿಲ್ಲ.

ನಮಗೆ ಗೊತ್ತಿದೆ ಎಂದು ನಮಗೇ ಗೊತ್ತಿಲ್ಲದ ಇಂಥ ನಿಯಮಗಳನ್ನು ಹುಡುಕಿ ತೆಗೆಯುವುದೇ ಭಾಷಾವಿಜ್ಞಾನದ ಮುಖ್ಯ ಕೆಲಸ. "ಹೀಗೆ ಮಾತಾಡಬೇಕು" ಎಂದು ಅದು ಹೇಳುವುದಿಲ್ಲ. "ಜನ ಹೀಗೆ ಮಾತಾಡುತ್ತಾರೆ, ಅದರ ಹಿಂದೆ ಈ ಕ್ರಮವಿದೆ" ಎಂದು ತೋರಿಸುತ್ತದೆ.

ಮದರಸದಲ್ಲೇ ಶುರುವಾದ ಪಾಠ

ಮೊದಲ ಸೆಮಿಸ್ಟರಿನಲ್ಲಿ ಧ್ವನಿವಿಜ್ಞಾನ ಎಂಬ ವಿಷಯವಿರುತ್ತದೆ. ಪ್ರತಿ ಧ್ವನಿ ಬಾಯಿಯ ಯಾವ ಜಾಗದಲ್ಲಿ, ಯಾವ ರೀತಿಯಲ್ಲಿ ಹುಟ್ಟುತ್ತದೆ ಎಂಬ ಅಧ್ಯಯನ. ನನ್ನ ಸಹಪಾಠಿಗಳಲ್ಲಿ ಕೆಲವರಿಗೆ ಇದು ಕಷ್ಟವಾಯಿತು. ನನಗೆ ಹಳೆಯ ಪರಿಚಯದಂತೆ ಕಂಡಿತು. ಕಾರಣ, ಮದರಸದಲ್ಲಿ ಉಸ್ತಾದರು ಕಲಿಸಿದ ತಜ್ವೀದ್. ಅಲ್ಲಿ ನಾವು "ಮಖ್ರಜ್" ಎಂದು ಕಲಿತದ್ದನ್ನೇ ಇಲ್ಲಿ "ಉಚ್ಚಾರಣಾ ಸ್ಥಾನ" ಎನ್ನುತ್ತಾರೆ. ಅರಬಿಯ ಕಾಫ್ ಎಂಬ ಹೆಸರಿನ ಎರಡು ಅಕ್ಷರಗಳಲ್ಲಿ ಒಂದನ್ನು ನಾಲಿಗೆಯ ಹಿಂಭಾಗವನ್ನು ಮೃದು ತಾಲುವಿಗೆ ತಾಗಿಸಿ ಹೇಳುತ್ತೇವೆ. ಇನ್ನೊಂದನ್ನು ಅದಕ್ಕಿಂತ ಹಿಂದೆ, ಕಿರುನಾಲಿಗೆಯ ಬಳಿ ಹೇಳುತ್ತೇವೆ. ಕನ್ನಡದಲ್ಲಿ ಬರೆಯುವಾಗ ಎರಡಕ್ಕೂ ಕ-ಕಾರವೇ ಗತಿ. ಈ ವ್ಯತ್ಯಾಸವನ್ನು ನಾಲಿಗೆಯಲ್ಲಿ ಹಿಡಿದವರಿಗೆ ಅಂತಾರಾಷ್ಟ್ರೀಯ ಧ್ವನಿಲಿಪಿ ಕಲಿಯುವುದು ಅಷ್ಟು ಕಷ್ಟವಲ್ಲ. ಜಗತ್ತಿನ ಯಾವ ಭಾಷೆಯ ಧ್ವನಿಯನ್ನಾದರೂ ಗುರುತಿಸಿ ಬರೆಯಲು ಆ ಲಿಪಿಯನ್ನು ಬಳಸುತ್ತಾರೆ.

ತರಗತಿಯಲ್ಲಿ ಈ ವಿದ್ಯೆಯ ಇತಿಹಾಸ ಹೇಳುವಾಗ ಪಾಣಿನಿಯ ಹೆಸರು ಬರುತ್ತದೆ, ಸೀಬವೈಹಿಯ ಹೆಸರೂ ಬರುತ್ತದೆ. ಪರ್ಷಿಯಾ ಮೂಲದ ಸೀಬವೈಹಿ 8ನೇ ಶತಮಾನದಲ್ಲಿ ಬಸ್ರಾದಲ್ಲಿ ಅರಬಿ ಕಲಿತು, ಆ ಭಾಷೆಯ ಮೊದಲ ಬೃಹತ್ ವ್ಯಾಕರಣವನ್ನು ಬರೆದ. ಅರಬಿಯ ಧ್ವನಿಗಳಿಗೆ 16 ಉಚ್ಚಾರಣಾ ಸ್ಥಾನಗಳನ್ನು ಗುರುತಿಸಿದ. ನಮ್ಮ ಕನ್ನಡ ವರ್ಣಮಾಲೆಯೂ ಗಂಟಲಿನಿಂದ ತುಟಿಯ ಕಡೆಗೆ ಕ, ಚ, ಟ, ತ, ಪ ಎಂದು ಸಾಗುತ್ತದೆ. ಒಂದನೇ ತರಗತಿಯ ಮಗು ಹಾಡುವ ಆ ಸಾಲು ಒಂದು ವೈಜ್ಞಾನಿಕ ಪಟ್ಟಿ. 13ನೇ ಶತಮಾನದಲ್ಲಿ "ಶಬ್ದಮಣಿದರ್ಪಣ" ಬರೆದ ಕೇಶಿರಾಜನನ್ನೂ ನಾವು ಇದೇ ಸಾಲಿನಲ್ಲಿ ಓದುತ್ತೇವೆ.

ಧ್ವನಿಗಳ ನಂತರ ಪದರಚನೆ, ವಾಕ್ಯರಚನೆ, ಅರ್ಥ, ಭಾಷೆಯ ಇತಿಹಾಸ, ಸಮಾಜದಲ್ಲಿ ಭಾಷೆಯ ಬಳಕೆ ಹೀಗೆ ಒಂದೊಂದಾಗಿ ವಿಷಯಗಳು ಬರುತ್ತವೆ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಲೆಕ್ಕ ಇಷ್ಟಪಡುವವರಿಗೆ ವಾಕ್ಯರಚನೆಯ ಪಾಠ ಹಿಡಿಸುತ್ತದೆ, ಇತಿಹಾಸ ಇಷ್ಟಪಡುವವರಿಗೆ ಭಾಷೆಗಳ ಹೋಲಿಕೆ ಹಿಡಿಸುತ್ತದೆ.

ಪಾಲ್, ಪೂ, ಪತ್ತ್

ನನಗೆ ಹಿಡಿಸಿದ್ದು ಈ ಹೋಲಿಕೆಯೇ. ಪಿಯುಸಿಯಲ್ಲಿ ಹಳಗನ್ನಡ ಪದ್ಯ ಎಂದರೆ ನಾವೆಲ್ಲ ಹೆದರುತ್ತಿದ್ದೆವಲ್ಲ? ಆ ಹೆದರಿಕೆಗೆ ಮದ್ದು ನಮ್ಮ ಕರಾವಳಿಯ ಮನೆಗಳಲ್ಲೇ ಇದೆ.

ಹಳಗನ್ನಡದಲ್ಲಿ ಹಾಲು ಪಾಲ್ ಆಗಿತ್ತು, ಹೂ ಪೂ ಆಗಿತ್ತು, ಹುಲಿ ಪುಲಿ ಆಗಿತ್ತು, ಹತ್ತು ಪತ್ತು ಆಗಿತ್ತು, ಹೋಗು ಪೋಗು ಆಗಿತ್ತು. ಸುಮಾರು 10ನೇ ಶತಮಾನದಿಂದ ಶಾಸನಗಳಲ್ಲಿ ಪದದ ಮೊದಲಿನ ಪ-ಕಾರದ ಜಾಗದಲ್ಲಿ ಹ-ಕಾರ ಕಾಣಿಸತೊಡಗಿತು. ಮುಂದಿನ ಕೆಲವು ಶತಮಾನಗಳಲ್ಲಿ ಅದು ಎಲ್ಲ ಕಡೆ ಹಬ್ಬಿತು. ಆದರೆ ನೆರೆಯ ಭಾಷೆಗಳಲ್ಲಿ ಈ ಬದಲಾವಣೆ ಆಗಲಿಲ್ಲ. ಮಲಯಾಳದಲ್ಲಿ ಇಂದಿಗೂ ಪಾಲ್, ಪೂವ್, ಪುಲಿ, ಪತ್ತ್. ತುಳುವಿನಲ್ಲಿ ಪೇರ್, ಪೂ, ಪಿಲಿ, ಪತ್ತ್. ಬ್ಯಾರಿಯಲ್ಲೂ ಪ-ಕಾರ ಹಾಗೆಯೇ ಉಳಿದಿದೆ. ಪಂಪನ ಕಾವ್ಯದಲ್ಲಿ "ಪೋಗು" ಎಂದು ಬಂದಾಗ ಬೆಂಗಳೂರಿನ ಗೆಳತಿ ಅರ್ಥಕೋಶ ತೆರೆಯುತ್ತಾಳೆ. ಮನೆಯಲ್ಲಿ "ಪೋ" ಎಂದು ಬೈಸಿಕೊಂಡು ಬೆಳೆದ ನಮಗೆ ಅರ್ಥಕೋಶ ಬೇಕಾಗುವುದಿಲ್ಲ!

ಹಾಗಾದರೆ ಪುಸ್ತಕ ಏಕೆ "ಹುಸ್ತಕ" ಆಗಲಿಲ್ಲ, ಪೆನ್ನು ಏಕೆ "ಹೆನ್ನು" ಆಗಲಿಲ್ಲ? ಪುಸ್ತಕ ಸಂಸ್ಕೃತದಿಂದ ಬಂದ ಪದ. ಅಂಥ ಪದಗಳನ್ನು ಈ ಬದಲಾವಣೆ ಸಾಮಾನ್ಯವಾಗಿ ಮುಟ್ಟಲಿಲ್ಲ. ಪೆನ್ನು ಬರುವ ಹೊತ್ತಿಗೆ ಬದಲಾವಣೆಯ ಕಾಲವೇ ಮುಗಿದಿತ್ತು. ಹೀಗೆ ಒಂದು ಪದದ ರೂಪ ನೋಡಿ ಅದು ಕನ್ನಡಕ್ಕೆ ಹೇಗೆ ಬಂದಿರಬಹುದೆಂದು ಊಹಿಸಲು ಸಾಧ್ಯ.

ಇದರ ಪಕ್ಕದಲ್ಲಿ ಇನ್ನೊಂದು ಹೋಲಿಕೆ ಇಡಿ. ಮಲಯಾಳದ ಪದಗಳ ಮೊದಲಿನ ವ-ಕಾರ ಕನ್ನಡದಲ್ಲಿ ಬ-ಕಾರವಾಗಿರುತ್ತದೆ. ಮಲಯಾಳದ ವಾಯ್ ನಮಗೆ ಬಾಯಿ, ಮಲಯಾಳದ ವೇಲಿ ನಮಗೆ ಬೇಲಿ. ತುಳುವಿನಲ್ಲೂ ಬೇಲಿಯೇ, ಬ್ಯಾರಿಯಲ್ಲೂ ಬೇಲಿಯೇ. ಕಾಸರಗೋಡು ಕಡೆಯ ಮಲಯಾಳದ ಆಡುಮಾತಿನಲ್ಲೂ ಈ ಬ-ಕಾರ ಕೇಳಿಬರುತ್ತದೆ.

ಅಂದರೆ ಬ್ಯಾರಿ ಪ-ಕಾರದಲ್ಲಿ ಮಲಯಾಳ ಮತ್ತು ತುಳುವಿನ ಜೊತೆಗಿದೆ, ಬ-ಕಾರದಲ್ಲಿ ಕನ್ನಡ ಮತ್ತು ತುಳುವಿನ ಜೊತೆಗಿದೆ. ಇದು ಒಂದೆರಡು ಪದಗಳಲ್ಲಿ ಆಗಿರುವ ಆಕಸ್ಮಿಕವಲ್ಲ, ಕ್ರಮಬದ್ಧವಾಗಿ ಆಗಿರುವುದು. "ಬ್ಯಾರಿ ಎಂದರೆ ಕೆಟ್ಟುಹೋದ ಮಲಯಾಳ" ಎಂದು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ನಿಮ್ಮಲ್ಲೂ ಹಲವರು ಕೇಳಿರಬಹುದು. ಬ್ಯಾರಿಯನ್ನು ಮಲಯಾಳದ ಉಪಭಾಷೆ ಎನ್ನಬೇಕೋ ಸ್ವತಂತ್ರ ಭಾಷೆ ಎನ್ನಬೇಕೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ "ಕೆಟ್ಟುಹೋದ" ಎಂಬ ಮಾತಿಗೆ ಭಾಷಾವಿಜ್ಞಾನದಲ್ಲಿ ಜಾಗವೇ ಇಲ್ಲ. ಕೆಟ್ಟುಹೋದದ್ದಾಗಿದ್ದರೆ ಅದರಲ್ಲಿ ಕ್ರಮ ಇರುತ್ತಿರಲಿಲ್ಲ.

ಪಕ್ಕದ ಕೋಣೆಯ ದಖನಿ

ನನ್ನ ವಿದ್ಯಾರ್ಥಿನಿಲಯದಲ್ಲಿ ಕಲಬುರಗಿಯ ಗೆಳತಿಯೊಬ್ಬಳಿದ್ದಾಳೆ. ಅವಳ ಮನೆಮಾತು ದಖನಿ. ಅದನ್ನೂ "ಕೆಟ್ಟ ಉರ್ದು" ಎಂದು ಹಾಸ್ಯ ಮಾಡುವವರಿದ್ದಾರೆ. ಆದರೆ ದಖನಿಗೆ ಸುಮಾರು ಆರು ಶತಮಾನಗಳ ಚರಿತ್ರೆಯಿದೆ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ತನ್ನ ಹಾಡುಗಳ ಪುಸ್ತಕ "ಕಿತಾಬ್-ಎ-ನವರಸ್" ಅನ್ನು ಬರೆದದ್ದು ದಖನಿಯಲ್ಲೇ.

ದಖನಿಯಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುವಾಗ ಮಾತಿನ ಕೊನೆಗೆ "ಬೋಲ್ಕೆ" ಎಂದು ಸೇರಿಸುತ್ತಾರೆ. ಬೋಲ್ಕೆ ಎಂದರೆ "ಹೇಳಿ". ಉತ್ತರದ ಉರ್ದುವಿನಲ್ಲಿ ಹೀಗಿಲ್ಲ. ಅಲ್ಲಿ ಮಾತಿನ ಮೊದಲು "ಕಿ" ಬರುತ್ತದೆ. ಕನ್ನಡದ ಕಡೆ ತಿರುಗಿ ನೋಡಿ: "ನಾಳೆ ಬರುತ್ತೇನೆ ಎಂದು ಹೇಳಿದ." ಈ "ಎಂದು" ಕೂಡ "ಎನ್ನು", ಅಂದರೆ "ಹೇಳು" ಎಂಬ ಅರ್ಥದ ಧಾತುವಿನಿಂದಲೇ ಬಂದದ್ದು. ದಖನಿ ತನ್ನ ಪದವನ್ನು ಉಳಿಸಿಕೊಂಡು ದ್ರಾವಿಡ ಭಾಷೆಗಳ ವಾಕ್ಯಕ್ರಮವನ್ನು ಪಡೆದುಕೊಂಡಿದೆ.

ಇಂಥ ಕೊಡುಕೊಳೆಯ ಬಗ್ಗೆ ಜಗತ್ತಿನ ಎಲ್ಲ ಕಡೆ ಓದಿಸುವ ಒಂದು ಪ್ರಸಿದ್ಧ ಅಧ್ಯಯನ ನಮ್ಮ ಗಡಿಯ ಆಚೆಯ ಊರಿನದ್ದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಆಡುವ ಜನ ಶತಮಾನಗಳಿಂದ ಒಟ್ಟಿಗೆ ಬದುಕಿದ್ದಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅಲ್ಲಿನ ಕನ್ನಡ, ಮರಾಠಿ, ಉರ್ದು ಮಾತುಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತೆಂದರೆ ಒಂದರ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ತಿರುಗಿಸಬಹುದಿತ್ತು. ಪದಗಳು ಮಾತ್ರ ಬೇರೆ ಬೇರೆಯಾಗಿಯೇ ಉಳಿದವು, ಏಕೆಂದರೆ ಮನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಭಾಷೆಯನ್ನು ಬಿಡಲಿಲ್ಲ.

ನಾವು ದಿನವೂ ಬಳಸುವ ಕನ್ನಡದಲ್ಲೂ ಇದೇ ಕಥೆಯಿದೆ. ರೈತ, ಅರ್ಜಿ, ವಕೀಲ, ಜಿಲ್ಲೆ, ತಾಲೂಕು, ಕುರ್ಚಿ ಇವೆಲ್ಲ ಮೂಲದಲ್ಲಿ ಅರಬಿ ಪದಗಳು. ಕಾಗದ, ಜಮೀನು ಪಾರಸಿಯವು. ಚಾವಿ, ಅನಾನಸು ಪೋರ್ಚುಗೀಸರ ಜೊತೆ ಬಂದವು. ಇವನ್ನು ತೆಗೆದುಹಾಕಿ ಒಂದು ದಿನ ಸರ್ಕಾರಿ ಕಚೇರಿಯಲ್ಲಿ ಮಾತಾಡಲು ಪ್ರಯತ್ನಿಸಿ ನೋಡಿ!

ಅರ್ಜಿಯ ಒಂದು ಕಲಂ

ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ "ಮಾತೃಭಾಷೆ" ಎಂಬ ಕಲಂ ತುಂಬಿದ್ದೀರಿ. ಏನು ಬರೆದಿರಿ? ನಮ್ಮಲ್ಲಿ ಬ್ಯಾರಿ ಮಾತಾಡುವ ಎಷ್ಟೋ ಮಂದಿ ಕನ್ನಡ ಎಂದೋ ಮಲಯಾಳ ಎಂದೋ ಬರೆಯುತ್ತಾರೆ. ಭಟ್ಕಳದ ನವಾಯತಿ ಮಾತಾಡುವವರು, ದಖನಿ ಮಾತಾಡುವವರು ಉರ್ದು ಎಂದು ಬರೆಯುವುದುಂಟು. ಇದು ಸಣ್ಣ ವಿಷಯವಲ್ಲ.

2011ರ ಜನಗಣತಿಯಲ್ಲಿ ಭಾರತದ ಜನ ತಮ್ಮ ಮಾತೃಭಾಷೆ ಎಂದು ಹೇಳಿದ ಹೆಸರುಗಳು ಒಟ್ಟು 19,569. ಕಾಗುಣಿತ ಭೇದ, ಊರು ಜಾತಿಗಳ ಹೆಸರು ಎಲ್ಲವನ್ನೂ ಸೋಸಿ ಅವನ್ನು 1,369 ಮಾತೃಭಾಷೆಗಳಿಗೆ ಇಳಿಸಿದರು. ಅವನ್ನೂ ಗುಂಪು ಮಾಡಿ, 10,000ಕ್ಕಿಂತ ಹೆಚ್ಚು ಜನ ಆಡುವ 121 ಭಾಷೆಗಳ ಪಟ್ಟಿ ಮಾಡಿದರು. ನೀಲಗಿರಿಯ ಬಡಗ ಮಾತನ್ನು ಹಲವು ವಿದ್ವಾಂಸರು ಪ್ರತ್ಯೇಕ ಭಾಷೆ ಎನ್ನುತ್ತಾರೆ. ಜನಗಣತಿಯಲ್ಲಿ ಅದು ಕನ್ನಡದ ಅಡಿಯಲ್ಲಿದೆ. ತುಳು ಪ್ರತ್ಯೇಕವಾಗಿ ಇದೆ, 18,46,427 ಜನರ ಲೆಕ್ಕದೊಂದಿಗೆ. ಯಾವುದು ಭಾಷೆ, ಯಾವುದು ಉಪಭಾಷೆ ಎಂಬುದನ್ನು ವ್ಯಾಕರಣ ಒಂದೇ ತೀರ್ಮಾನಿಸುವುದಿಲ್ಲ ಎಂದು ಇದರಿಂದ ತಿಳಿಯುತ್ತದೆ. ಆಡುವವರು ಏನು ಹೇಳಿಕೊಳ್ಳುತ್ತಾರೆ, ಸರ್ಕಾರ ಹೇಗೆ ಎಣಿಸುತ್ತದೆ ಎಂಬುದೂ ಅಷ್ಟೇ ಮುಖ್ಯ. ಕರ್ನಾಟಕ ಸರ್ಕಾರ 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿತು. 2011ರ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ "ಬ್ಯಾರಿ" ಚಿತ್ರ ಅತ್ಯುತ್ತಮ ಕಥಾಚಿತ್ರ ಪ್ರಶಸ್ತಿಯನ್ನು ಹಂಚಿಕೊಂಡಿತು. ಇಷ್ಟಾದರೂ ಆಡುವವರೇ ಹೆಸರು ಹೇಳದಿದ್ದರೆ ಲೆಕ್ಕದಲ್ಲಿ ಆ ಭಾಷೆ ಕಾಣಿಸುವುದಿಲ್ಲ. 2027ರ ಜನಗಣತಿ ಹತ್ತಿರದಲ್ಲಿದೆ. ಮನೆಯಲ್ಲಿ ಈ ಬಗ್ಗೆ ಒಂದು ಮಾತು ಆಡಿ.

ಸಾಹಿತ್ಯದ ತರಗತಿ

ಭಾಷಾವಿಜ್ಞಾನ ಮತ್ತು ಸಾಹಿತ್ಯ ಬೇರೆ ಬೇರೆ ವಿಷಯಗಳು, ಆದರೆ ಒಂದೇ ಅಂಗಳದ ಎರಡು ಮನೆಗಳಿದ್ದಂತೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಇದಕ್ಕೆ ಒಳ್ಳೆಯ ಉದಾಹರಣೆ. ಅವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದಲ್ಲಿ 1963ರಲ್ಲಿ ಪಿಎಚ್.ಡಿ. ಪಡೆದದ್ದು ಭಾಷಾವಿಜ್ಞಾನದಲ್ಲಿ. ಜಗತ್ತು ಅವರನ್ನು ಬಲ್ಲದ್ದು ಕವಿಯಾಗಿ, ವಚನಗಳನ್ನು ಇಂಗ್ಲಿಷಿಗೆ ತಂದ ಅನುವಾದಕನಾಗಿ.

ಸಾಹಿತ್ಯದ ತರಗತಿಯಲ್ಲಿ ಪಂಪನಿಂದ ಇಂದಿನವರೆಗೆ ಓದುತ್ತೇವೆ. ಅದರಲ್ಲಿ ನನಗೆ ಹೆಚ್ಚು ಕೆಲಸ ಕೊಟ್ಟ ಪ್ರಶ್ನೆ ಒಂದಿದೆ. ಪಾತ್ರಗಳು ಬ್ಯಾರಿಯಲ್ಲೋ ಮಲಯಾಳದಲ್ಲೋ ಉರ್ದುವಿನಲ್ಲೋ ಮಾತಾಡುವವರು, ಬರೆಯುವುದು ಕನ್ನಡದಲ್ಲಿ. ಆಗ ಲೇಖಕರು ಏನು ಮಾಡುತ್ತಾರೆ? ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳ, ಓದಿದ್ದು ಬರೆದದ್ದು ಕನ್ನಡದಲ್ಲಿ. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ "ಚಂದ್ರಗಿರಿಯ ತೀರದಲ್ಲಿ" ಓದುವಾಗ ನಾದಿರಾ ಕನ್ನಡದಲ್ಲಿ ಮಾತಾಡುತ್ತಿದ್ದಾಳೆ ಎಂದು ನಮಗೆ ಅನಿಸುತ್ತದೆ. ನಿಜವಾಗಿ ಆ ಮಾತು ಲೇಖಕಿಯ ಮನಸ್ಸಿನಲ್ಲಿ ಮೊದಲೇ ಒಮ್ಮೆ ಅನುವಾದವಾಗಿರುತ್ತದೆ. ಬೊಳುವಾರು ಮಹಮದ್ ಕುಂಞಿ ಅವರು ಮುತ್ತುಪ್ಪಾಡಿ ಎಂಬ ಕಾಲ್ಪನಿಕ ಊರನ್ನು ಕಟ್ಟಿ ಕರಾವಳಿಯ ಮುಸ್ಲಿಂ ಬದುಕನ್ನು ಕನ್ನಡ ಕಥೆಗೆ ತಂದರು. ಅವರ "ಸ್ವಾತಂತ್ರ್ಯದ ಓಟ" ಕಾದಂಬರಿಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದದ್ದು ನಿಮಗೆಲ್ಲ ಗೊತ್ತು. ಕನ್ನಡದಿಂದ ಅನುವಾದವಾದ ಕೃತಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅನುವಾದಕಿ ದೀಪಾ ಭಾಸ್ತಿ ಒಂದು ಕುತೂಹಲದ ಕೆಲಸ ಮಾಡಿದ್ದಾರೆ. ಕಥೆಗಳಲ್ಲಿ ಬರುವ ಕನ್ನಡ, ಉರ್ದು, ಅರಬಿ ಪದಗಳನ್ನು ಓರೆ ಅಕ್ಷರಗಳಲ್ಲಿ ಮುದ್ರಿಸಿ "ಇದು ಹೊರಗಿನ ಪದ" ಎಂದು ತೋರಿಸಲಿಲ್ಲ, ಅಡಿಟಿಪ್ಪಣಿಯನ್ನೂ ಹಾಕಲಿಲ್ಲ. ಆ ಮನೆಯಲ್ಲಿ ಆ ಪದ ಹೊರಗಿನದ್ದಲ್ಲ ತಾನೇ? ಇಂಥ ಒಂದು ಸಣ್ಣ ನಿರ್ಧಾರದ ಹಿಂದೆ ಭಾಷೆಯ ಬಗ್ಗೆ ಎಷ್ಟು ಯೋಚನೆ ಇದೆ ಎಂದು ಚರ್ಚಿಸುವುದೇ ಸಾಹಿತ್ಯದ ತರಗತಿ. ಕಥೆಯ ಸಾರಾಂಶ ಬರೆದು ಅಂಕ ಪಡೆಯುವ ಅಭ್ಯಾಸವನ್ನು ಅಲ್ಲಿ ಬಿಡಬೇಕಾಗುತ್ತದೆ.

ವಿಜ್ಞಾನ ವಿಭಾಗದವರಿಗೆ ಒಂದು ಮಾತು: ಕವಿ ಕೆ.ಎಸ್. ನಿಸಾರ್ ಅಹಮದ್ ಓದಿದ್ದೂ ಕಲಿಸಿದ್ದೂ ಭೂವಿಜ್ಞಾನ. ಸಾಹಿತ್ಯ ಯಾರೊಬ್ಬರ ವಿಭಾಗವೂ ಅಲ್ಲ.

ಸಾರ್ವಜನಿಕ ವಿಶ್ವವಿದ್ಯಾನಿಲಯ ಕೊಡುವುದೇನು, ಕೇಳುವುದೇನು

ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾದದ್ದು. ಅದರ ಕನ್ನಡ ಅಧ್ಯಯನ ಸಂಸ್ಥೆಗೆ ಕುವೆಂಪು ಅವರ ಹೆಸರಿದೆ. 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವೂ ಮಾನಸಗಂಗೋತ್ರಿಯಲ್ಲೇ ಇದೆ. ನಮ್ಮ ಕರಾವಳಿಯವರಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಹತ್ತಿರ; ಅಲ್ಲಿ ಕನ್ನಡ ಎಂ.ಎ. ಇದೆ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾದ ಅದು 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಹಂಪಿಯಲ್ಲಿ ಸಂಶೋಧನೆಗೇ ಮೀಸಲಾದಂತೆ 1991ರಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿತು.

ಇವೆಲ್ಲ ಸರ್ಕಾರದ, ಅಂದರೆ ನಮ್ಮೆಲ್ಲರ ದುಡ್ಡಿನಿಂದ ನಡೆಯುವ ಸಂಸ್ಥೆಗಳು. ವೃತ್ತಿಪರ ಕೋರ್ಸುಗಳಿಗೆ ಹೋಲಿಸಿದರೆ ಶುಲ್ಕ ತೀರಾ ಕಡಿಮೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿವೇತನಗಳೂ ವಿದ್ಯಾರ್ಥಿನಿಲಯಗಳೂ ಇವೆ. ಉಪ್ಪ ನನ್ನನ್ನು ದೂರದ ಮೈಸೂರಿಗೆ ಕಳಿಸಲು ಹಿಂದೆಮುಂದೆ ನೋಡಿದಾಗ ಹುಡುಗಿಯರ ವಿದ್ಯಾರ್ಥಿನಿಲಯದ ವ್ಯವಸ್ಥೆ ನೋಡಿಯೇ ಒಪ್ಪಿದರು. ತರಗತಿಯಲ್ಲಿ ಚಾಮರಾಜನಗರದಿಂದ ರಾಯಚೂರಿನವರೆಗಿನ ಮಕ್ಕಳಿರುತ್ತಾರೆ. ಕನ್ನಡದ ಉಪಭಾಷೆಗಳ ಪಾಠಕ್ಕೆ ಪುಸ್ತಕ ತೆರೆಯಬೇಕೆಂದಿಲ್ಲ, ಊಟದ ಮೇಜಿನ ಸುತ್ತ ಕೂತರೆ ಸಾಕು.

ಕಷ್ಟಗಳನ್ನೂ ಹೇಳಬೇಕು. ರಾಜ್ಯದ ಹಲವು ಸಾರ್ವಜನಿಕ ವಿಶ್ವವಿದ್ಯಾನಿಲಯಗಳಲ್ಲಿ ಬೋಧಕರ ಹುದ್ದೆಗಳು ಖಾಲಿಯಿದ್ದು ಅತಿಥಿ ಉಪನ್ಯಾಸಕರೇ ಪಾಠದ ಭಾರ ಹೊತ್ತಿದ್ದಾರೆ. ಇಲ್ಲಿ ಯಾರೂ ನಿಮ್ಮ ಹಿಂದೆ ಬಿದ್ದು ಓದಿಸುವುದಿಲ್ಲ. ಗ್ರಂಥಾಲಯಕ್ಕೆ ನೀವೇ ಹೋಗಬೇಕು. ಭಾಷಾವಿಜ್ಞಾನದ ಹೆಚ್ಚಿನ ಪುಸ್ತಕಗಳು ಇಂಗ್ಲಿಷಿನಲ್ಲಿವೆ. ಹಾಗಾಗಿ ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸ ಬೇಕು, ಮಾತಾಡಲು ಬಾರದಿದ್ದರೂ ನಡೆಯುತ್ತದೆ.

ಎರಡನೇ ವರ್ಷದಲ್ಲಿ ಕ್ಷೇತ್ರಕಾರ್ಯದ ಕಿರುಪ್ರಬಂಧ ಬರೆಯುತ್ತಿದ್ದೇನೆ. ಬೀಡಿ ಕಟ್ಟುವ ಹೆಂಗಸರು ಕೆಲಸದ ಬಗ್ಗೆ ಬ್ಯಾರಿಯಲ್ಲಿ ಬಳಸುವ ಪದಗಳನ್ನು ಸಂಗ್ರಹಿಸುವುದು ನನ್ನ ವಿಷಯ. ಎಲೆ ನೆನೆಸುವುದು, ಕತ್ತರಿಸುವುದು, ಸುರುಳುವುದು, ಕಟ್ಟು ಮಾಡುವುದು ಎಲ್ಲಕ್ಕೂ ಬೇರೆ ಬೇರೆ ಮಾತುಗಳಿವೆ. ಮೊದಲು ಉದ್ದೇಶ ವಿವರಿಸಿ ಒಪ್ಪಿಗೆ ಪಡೆಯಬೇಕು, ಆಮೇಲೆ ಧ್ವನಿಮುದ್ರಣ, ಆಮೇಲೆ ಒಂದೊಂದು ಪದವನ್ನೂ ಧ್ವನಿಲಿಪಿಯಲ್ಲಿ ಬರೆಯುವುದು. ಒಂದು ಗಂಟೆಯ ಮಾತು ಬರೆದು ಮುಗಿಸಲು ನನಗೆ ಒಂದು ವಾರ ಬೇಕಾಯಿತು. ಎಪ್ಪತ್ತು ದಾಟಿದ ಒಬ್ಬ ತಾಯಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡೇ ಕೇಳಿದರು, "ಇದನ್ನೆಲ್ಲ ಬರೆದಿಡುವಷ್ಟು ದೊಡ್ಡ ಮಾತಾ ಮಗಳೇ?" ಅವರ ಸೊಸೆಯಂದಿರು ಬೀಡಿ ಕಟ್ಟುವುದಿಲ್ಲ. ಆ ಕಷ್ಟದ ಕೆಲಸ ಮುಂದುವರಿಯಲಿ ಎಂದು ಯಾರೂ ಬಯಸುವುದಿಲ್ಲ. ಆದರೆ ಕೆಲಸದ ಜೊತೆಗೆ ಅದರ ಮಾತುಗಳೂ ಹೋಗುತ್ತವೆ. ಬರೆದಿಡಲು ಇರುವ ಸಮಯ ಅವರ ಆಯುಷ್ಯದಷ್ಟೇ.

ಕೆಲಸದ ಪ್ರಶ್ನೆ

ಎರಡನೆಯ ಪ್ರಶ್ನೆಗೆ ನೇರ ಉತ್ತರ: ಈ ಪದವಿ ಕೈಗೆ ಬಂದ ದಿನವೇ ಕೆಲಸ ಕರೆಯುವುದಿಲ್ಲ. ದಾರಿಗಳು ಮಾತ್ರ ಇವೆ.

ಕನ್ನಡ ಎಂ.ಎ. ಜೊತೆ ಬಿ.ಇಡಿ. ಇದ್ದರೆ ಪಿಯು ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕಬಹುದು. ಪದವಿ ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳಲ್ಲಿ ಕಲಿಸಲು ಯುಜಿಸಿ ನೆಟ್ ಅಥವಾ ಕೆಸೆಟ್ ಪರೀಕ್ಷೆ ನೆರವಾಗುತ್ತದೆ. ನೆಟ್‌ನಲ್ಲಿ ಕನ್ನಡ ಮತ್ತು ಭಾಷಾವಿಜ್ಞಾನ ಎರಡೂ ವಿಷಯಗಳಿವೆ. ಅದರಲ್ಲಿ ಹೆಚ್ಚು ಅಂಕ ಪಡೆದವರಿಗೆ ಸಂಶೋಧನೆ ಮಾಡಲು ಜೆಆರ್‌ಎಫ್ ಎಂಬ ಶಿಷ್ಯವೇತನ ಸಿಗುತ್ತದೆ. 2023ರಿಂದ ಅದು ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಅನುವಾದ, ಪತ್ರಿಕೆ, ಪ್ರಕಾಶನ, ನಿಘಂಟು ತಯಾರಿಕೆಯಲ್ಲೂ ಅವಕಾಶಗಳಿವೆ. ಮಾತನ್ನು ಬರಹಕ್ಕೆ ಇಳಿಸುವ, ಭಾಷೆಯಿಂದ ಭಾಷೆಗೆ ತಿರುಗಿಸುವ ಕಂಪ್ಯೂಟರ್ ತಂತ್ರಾಂಶಗಳಿಗೆ ಕನ್ನಡ ಬಲ್ಲ ಭಾಷಾವಿಜ್ಞಾನಿಗಳು ಬೇಕು. ಅದಕ್ಕೆ ಎಂ.ಎ. ಜೊತೆಗೆ ಸ್ವಲ್ಪ ಪ್ರೋಗ್ರಾಮಿಂಗ್ ಕಲಿತಿದ್ದರೆ ಒಳ್ಳೆಯದು.

ವಿಜ್ಞಾನ ವಿಭಾಗದವರಿಗೆ ಇನ್ನೊಂದು ದಾರಿ ಇದೆ. ಮೈಸೂರಿನಲ್ಲೇ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಶ್ರವಣದ ತೊಂದರೆಗಳಿಗೆ ಚಿಕಿತ್ಸೆ ನೀಡುವ ಪದವಿ ಕೋರ್ಸ್ ಇದೆ. ಅದು ಭಾಷಾವಿಜ್ಞಾನವಲ್ಲ, ಆದರೆ ಧ್ವನಿವಿಜ್ಞಾನ ಅಲ್ಲಿಯೂ ಬೇಕು. ಪಿಯುಸಿ ಆದ ಕೂಡಲೇ ಸೇರಬಹುದು.

ಈಗಲೇ ಮಾಡಬಹುದಾದದ್ದು

ಈ ಓದು ನಿಮಗೆ ಹಿಡಿಸುತ್ತದೆಯೇ ಎಂದು ತಿಳಿಯಲು ಎಂ.ಎ.ವರೆಗೆ ಕಾಯಬೇಕಾಗಿಲ್ಲ. ಒಂದು ನೋಟು ಪುಸ್ತಕ ತೆಗೆದುಕೊಳ್ಳಿ. ಒಂದು ಪುಟದಲ್ಲಿ ಮನೆಮಾತಿನ ಇಪ್ಪತ್ತು ಪದ ಬರೆಯಿರಿ: ದೇಹದ ಭಾಗಗಳು, ಸಂಖ್ಯೆಗಳು, ನೀರು, ಬೆಂಕಿ, ಮಳೆ, ಬರು, ಹೋಗು. ಎದುರಿನ ಪುಟದಲ್ಲಿ ಅದೇ ಪದಗಳನ್ನು ತುಳು, ಕೊಂಕಣಿ, ಉರ್ದು ಅಥವಾ ಮಲಯಾಳ ಮಾತಾಡುವ ಸಹಪಾಠಿಯ ಬಾಯಿಂದ ಕೇಳಿ ಬರೆಯಿರಿ. ಯಾವ ಅಕ್ಷರದ ಜಾಗದಲ್ಲಿ ಯಾವುದು ಬಂದಿದೆ ಎಂದು ನೋಡಿ. ಒಂದೇ ಬದಲಾವಣೆ ಮೂರು ನಾಲ್ಕು ಪದಗಳಲ್ಲಿ ಕಂಡರೆ ನೀವು ಒಂದು ನಿಯಮದ ಹತ್ತಿರ ಇದ್ದೀರಿ. ಮನೆಯ ಹಿರಿಯರು ಬಳಸುವ, ನಿಮಗೆ ಅರ್ಥವಾಗದ ಪದ ಸಿಕ್ಕಿದರೆ ಅದಕ್ಕೆ ಬೇರೆಯೇ ಪುಟವಿರಲಿ.

ಆ ಕೆಲಸ ಮಾಡುವಾಗ ಹೊತ್ತು ಹೋದದ್ದು ಗೊತ್ತಾಗದಿದ್ದರೆ, ಈ ಓದು ನಿಮ್ಮದೇ. ಬೇಸರವಾದರೂ ನಷ್ಟವಿಲ್ಲ, ಅಷ್ಟು ಪದಗಳಾದರೂ ಬರಹದಲ್ಲಿ ಉಳಿಯುತ್ತವೆ. ಪಟ್ಟಿಗಳನ್ನು ಸಂಪಾದಕ ಬಳಗಕ್ಕೆ ಕೊಡಿ. ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಕಾಲೇಜಿಗೆ ಬರುತ್ತೇನೆ, ಕೂತು ಒಟ್ಟಿಗೆ ನೋಡೋಣ.